ಕಂಪನಿಗೆ ಸಿಕ್ಕ ಒಬ್ಬನೇ ಗಿರಾಕಿ

ಅವನ ಸ್ವಂತ ಹೆಸರು ಮತದಾರರ ಪಟ್ಟಿಯಲ್ಲಿ ಎಲ್ಲೋ ಇರಬೇಕು. ಬೀದಿಗೆ ಮಾತ್ರ ಅವನು ಮಸಿಯಣ್ಣ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನದೊಂದು ಪುಟ್ಟ ಪ್ರೆಸ್ಸು: ಒಂದು ಮುದ್ರಣ ಯಂತ್ರ, ಒಂದು ಕಾಗದ ಕತ್ತರಿಸುವ ಯಂತ್ರ, ಬಂದವರು ಕೂರಲೆಂದು ಒಂದು ಬೆಂಚು, ಆ ಬೆಂಚಿನ ಮೇಲೆ ಯಾರೂ ಕೂರಲಾಗದಂತೆ ಪೇರಿಸಿದ ಬಿಲ್ ಪುಸ್ತಕಗಳು.

ಅಚ್ಚು ಹಾಕಿದ್ದನ್ನೆಲ್ಲ ಓದುವುದು ಅವನಿಗೊಂದು ಚಟ. ಓದಿದ ಮೇಲೆ ಕೇಳುವುದು ಅದಕ್ಕಿಂತ ದೊಡ್ಡ ಚಟ. ಮನೆ ಬಾಡಿಗೆಗಿದೆ ಎಂಬ ಚೀಟಿ ಮಾಡಿಸಲು ಬಂದವರನ್ನು, ಮೊದಲಿದ್ದವರು ಯಾಕೆ ಬಿಟ್ಟರು ಎಂದು ಕೇಳುವನು. ಮದುವೆ ಕಾರ್ಡಿಗೆ ಬಂದವರನ್ನು, ಹುಡುಗನ ಕೆಲಸ ಕಾಯಮ್ಮೋ ಹಂಗಾಮಿಯೋ ಎಂದು ಕೇಳುವನು. ಬೆಂಕಿ ಬಿದ್ದ ಮನೆಗೆ ಹೋದರೂ ಇವರು ಮೊದಲು ಕಡ್ಡಿ ಗೀರಿದ್ದು ಯಾರು ಅಂತ ವಿಚಾರಿಸಿ ಆಮೇಲೆ ಬಕೆಟ್ ಹುಡುಕುತ್ತಾರೆ ಎನ್ನುವುದು ಅವನ ಹೆಂಡತಿಯ ಮಾತು.

ಅಷ್ಟೊಂದು ಕುತೂಹಲದ ಮನುಷ್ಯನಿಗೆ ಲೋಕದ ಅರ್ಧ ಭಾಗವನ್ನು ಮುಟ್ಟುವ ಹಾಗಿರಲಿಲ್ಲ. ಕಾರಣ ಅವನ ಕೈ. ಮೂವತ್ತು ವರ್ಷದ ಇಂಕು ಅಂಗೈಯ ಗೆರೆಗಳಲ್ಲಿ ಮನೆ ಮಾಡಿಕೊಂಡಿತ್ತು. ಉಗುರಿನ ಸುತ್ತ ಶ್ರದ್ಧಾಂಜಲಿ ಕಾರ್ಡಿನ ಹಾಗೆ ಕಪ್ಪು ಅಂಚು. ಸೀಮೆಎಣ್ಣೆಯಲ್ಲಿ ತೊಳೆದರೆ ಚರ್ಮ ಬಿರಿಯುತ್ತಿತ್ತೇ ಹೊರತು ಮಸಿ ಹೋಗುತ್ತಿರಲಿಲ್ಲ. ಮನೆಯಲ್ಲಿ ಬಿಳಿಯದನ್ನು ಮುಟ್ಟಬಾರದು ಎಂಬ ಕಾನೂನು ಮದುವೆಯಾದ ಮಾರನೆಯ ದಿನವೇ ಜಾರಿಗೆ ಬಂದಿತ್ತು. ಕುಟುಂಬದ ಫೋಟೋಗಳಲ್ಲೆಲ್ಲ ಅವನು ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಂತಿರುತ್ತಾನೆ. ಗೊತ್ತಿಲ್ಲದವರು ಯಾರೋ ನಿವೃತ್ತ ಅಧಿಕಾರಿ ಅಂದುಕೊಳ್ಳುತ್ತಾರೆ.

ಹೀಗಿರುವಾಗ ಅವನ ಷಡ್ಡಕ, ಅಂದರೆ ನಾದಿನಿಯ ಗಂಡ, ಒಂದು ಕಂಪನಿ ಸೇರಿದ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಈ ಷಡ್ಡಕ ಮಾತಿನಲ್ಲೇ ಮಂಟಪ ಕಟ್ಟುವವನು. ಕಂಪನಿಯ ಸಾಮಾನನ್ನು ಅಂಗಡಿಯಲ್ಲಿ ಮಾರುವುದಿಲ್ಲ. ಒಬ್ಬ ಇನ್ನಿಬ್ಬರನ್ನು ಸೇರಿಸಬೇಕು, ಆ ಇಬ್ಬರು ನಾಲ್ವರನ್ನು. ಸೇರಿದವರಿಗೆಲ್ಲ ಹಕ್ಕಿಯ ಪದವಿಗಳು. ಮೊದಲು ಗುಬ್ಬಿ, ಆಮೇಲೆ ಗಿಳಿ, ಅದರ ಮೇಲೆ ಗಿಡುಗ, ತುತ್ತತುದಿಯಲ್ಲಿ ಗರುಡ. ಷಡ್ಡಕ ಆಗಲೇ ಗಿಳಿಯಾಗಿದ್ದ. ಅಂಗಿಯ ಜೇಬಿನ ಮೇಲೆ ಹಸಿರು ಬಿಲ್ಲೆ ಚುಚ್ಚಿಕೊಂಡು ಒಂದು ಭಾನುವಾರ ಭಾವಮೈದುನನಂತೆ ಸಲಿಗೆಯಿಂದ, ಮಂತ್ರಿಯಂತೆ ಗತ್ತಿನಿಂದ ಮನೆಗೆ ಬಂದ. ಹಿಂದೆ ನಾದಿನಿ ಎರಡು ಚೀಲ ಹೊತ್ತುಕೊಂಡು ಬಂದಳು.

ಷಡ್ಡಕ ಬಿಳಿ ಹಾಳೆ ಬಿಡಿಸಿ ವೃತ್ತಗಳನ್ನು ಬರೆಯತೊಡಗಿದ. ಆರ್ಥಿಕ ಸ್ವಾತಂತ್ರ್ಯ ಎಂದ. ಮಲಗಿದ್ದಾಗಲೂ ಬರುವ ಆದಾಯ ಎಂದ. ಮಸಿಯಣ್ಣನ ಕಣ್ಣು ಮಾತ್ರ ಚೀಲದ ಕಡೆಗೆ. ಶಾಂಪೂ, ಹಲ್ಲುಪುಡಿ, ಗಾಜು ಒರೆಸುವ ನೀರು, ಎಲ್ಲದರ ಮುಚ್ಚಳ ತೆಗೆದು ಮೂಸಿ ನೋಡಿದ. ತಳದಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಬೂದು ಬಣ್ಣದ, ಮರಳು ಮರಳಾದ ಪೇಸ್ಟು. ಏನಿದು ಎಂದರೆ ಷಡ್ಡಕ ವೃತ್ತದಿಂದ ತಲೆ ಎತ್ತದೆ, ಅದೇನೋ ಕೈ ತೊಳೆಯೋದು ಎಂದ. ಮಸಿಯಣ್ಣ ಡಬ್ಬಿ ಹಿಡಿದು ಎದ್ದು ನಲ್ಲಿಯ ಹತ್ತಿರ ಹೋದ.

ಅವನು ವಾಪಸ್ ಬಂದಾಗ ಹೆಂಡತಿ ಟೀ ಲೋಟ ಕೊಡಲು ಹೋದವಳು ಹಾಗೇ ನಿಂತಳು.

"ಯಾರ ಕೈರೀ ಇದು?"

ಷಡ್ಡಕ ಇನ್ನೂ ಹಾಳೆಯಲ್ಲೇ ಇದ್ದ. "ಅಣ್ಣ, ಇಲ್ಲಿ ನೋಡಿ. ಇದು ನೀವು. ನಿಮ್ಮ ಕೆಳಗೆ ಇಬ್ಬರು."

"ನನ್ನ ಕೆಳಗೆ ಯಾರೂ ಬೇಡ ಕಣಪ್ಪ. ಈ ಡಬ್ಬಿ ಎಷ್ಟು ಹೇಳು."

ಷಡ್ಡಕ ಬೆಪ್ಪಾದ. ಬೇಡ ಎನ್ನುವವರಿಗೆ ಏನು ಹೇಳಬೇಕು, ಆಮೇಲೆ ನೋಡೋಣ ಎನ್ನುವವರಿಗೆ ಏನು ಹೇಳಬೇಕು, ಬಾಗಿಲು ಹಾಕಿಕೊಳ್ಳುವವರಿಗೆ ಕಿಟಕಿಯಿಂದ ಏನು ಹೇಳಬೇಕು, ಎಲ್ಲವನ್ನೂ ತರಬೇತಿಯಲ್ಲಿ ಕಲಿಸಿದ್ದರು. ಬೆಲೆ ಎಷ್ಟು ಎಂದು ಕೇಳುವವರಿಗೆ ಏನು ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ. ಡಬ್ಬಿಯನ್ನು ತಿರುಗಿಸಿ ತಾನೇ ಓದಿ ಹೇಳಿದ.

ಸದಸ್ಯರಲ್ಲದವರಿಗೆ ಕೊಡುವಂತಿಲ್ಲ ಎಂಬ ನಿಯಮವಿತ್ತು. ಸರಿ, ಮಸಿಯಣ್ಣ ಸದಸ್ಯನೇ ಆದ. ಅರ್ಜಿಯಲ್ಲಿ ನಿಮ್ಮ ಕನಸೇನು ಎಂಬ ಸಾಲಿನ ಕೆಳಗೆ ಕಾರು, ಬಂಗಲೆ, ವಿಮಾನ ಪ್ರಯಾಣ, ಇತರೆ ಎಂದಿತ್ತು. ಅವನು ಇತರೆ ಎಂಬಲ್ಲಿ ಗುರುತು ಹಾಕಿ ಪಕ್ಕದಲ್ಲಿ "ಕೈ" ಎಂದು ಬರೆದ. ಅವನಿಗೆ ಗುಬ್ಬಿಯ ಬಿಲ್ಲೆಯೂ ಸಿಗಲಿಲ್ಲ. ಇಬ್ಬರನ್ನು ಸೇರಿಸದವರು ಹಕ್ಕಿಯೇ ಅಲ್ಲವಂತೆ. ಹಾಗಾದರೆ ನಮ್ಮವರಿನ್ನೂ ಮೊಟ್ಟೆ ಎಂದು ಹೆಂಡತಿ ಒಳಗಿನಿಂದ ಹೇಳಿದಳು.

ಮೊಟ್ಟೆಯ ಬದುಕು ಸುಖವಾಗಿತ್ತು. ಕೆಲಸವಿಲ್ಲದಿದ್ದರೂ ಬೆಡ್‌ಶೀಟು ಮಡಿಸುವನು, ಬಿಳಿ ಗೋಡೆಗೆ ಕೈ ಆನಿಸಿ ನಿಲ್ಲುವನು. ಪ್ರೆಸ್ಸಿಗೆ ಬಂದ ಹೊಸಬನೊಬ್ಬ ಅವನ ಕೈ ನೋಡಿ, ನೀವಿರಲಿ ಸ್ವಾಮಿ, ಮಿಷನ್ ನಡೆಸೋರನ್ನ ಕರೀರಿ ಎಂದ. ಅದನ್ನವನು ವಾರಗಟ್ಟಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಎಲ್ಲಕ್ಕಿಂತ ದೊಡ್ಡದೆಂದರೆ ಉಣ್ಣೆ. ಹೆಂಡತಿ ಒಂದು ಅಂಗಡಿಗೆ ಮಕ್ಕಳ ಸ್ವೆಟರು, ಟೋಪಿ ಹೆಣೆದು ಕೊಡುತ್ತಿದ್ದಳು; ಬಹುಪಾಲು ಬಿಳಿಯವೇ. ಉಣ್ಣೆಯ ಲಡಿಯನ್ನು ಇನ್ನೊಬ್ಬರು ಎರಡು ಕೈಗೆ ಸಿಕ್ಕಿಸಿಕೊಂಡು ಕೂತರೆ ಉಂಡೆ ಸುತ್ತುವುದು ಸುಲಭ. ಇಷ್ಟು ವರ್ಷ ಆ ಕೆಲಸವನ್ನು ಕುರ್ಚಿಯ ಬೆನ್ನು ಮಾಡಿತ್ತು. ಈಗ ಸಂಜೆಯಾದರೆ ಮಸಿಯಣ್ಣ ಎರಡು ಕೈ ಮುಂದೆ ಚಾಚಿ, ಪೊಲೀಸರಿಗೆ ಸಿಕ್ಕವನಂತೆ ಕೂರುವನು. ಅವಳು ಸುತ್ತುತ್ತಾ ಮಾತಾಡುವಳು. ಎದುರು ಮನೆಯ ಟೈಲರನಿಗೆ ತಮ್ಮನ ಮೇಲೆ ಯಾಕೆ ಸಿಟ್ಟು, ಔಷಧಿ ಅಂಗಡಿಯವಳು ಮಗಳನ್ನು ಹಾಸ್ಟೆಲಿನಿಂದ ಯಾಕೆ ಬಿಡಿಸಿದಳು. ಓಣಿಯಲ್ಲಿ ಎಲ್ಲರನ್ನೂ ಕೇಳಿ ಕೇಳಿ ಅವನಿಗೆ ಸಿಗದ ಸುದ್ದಿಯೆಲ್ಲ ಇಷ್ಟು ದಿನ ಮನೆಯಲ್ಲೇ ಇತ್ತು. ಅದನ್ನು ಕುರ್ಚಿ ಕೇಳಿಸಿಕೊಳ್ಳುತ್ತಿತ್ತು.

ಒಂದೇ ಒಂದು ಪ್ರಶ್ನೆ ಅವನನ್ನು ಕೊರೆಯುತ್ತಿತ್ತು. ಪೇಸ್ಟನ್ನು ಒಣ ಕೈಗೆ ಹಚ್ಚಬೇಕೋ, ಒದ್ದೆ ಕೈಗೋ? ಡಬ್ಬಿಯ ಮೇಲಿನ ಸೂಚನೆಯನ್ನು ಯಾವನೋ ಹೆಡ್ಡ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರಿಸದೆ ಅಚ್ಚು ಹಾಕಿದ್ದ. ಅಕ್ಷರಗಳೆಲ್ಲ ಜೋಡಿ ಜೋಡಿಯಾಗಿ ಕಾಣುತ್ತಿದ್ದವು. ಬಳಸುವ ಇನ್ನೊಬ್ಬರನ್ನು ಕೇಳಿದರಾಯಿತು ಎಂದುಕೊಂಡು ಷಡ್ಡಕನಿಗೆ ಫೋನು ಮಾಡಿದ.

"ನಾನು ಬಳಸಿಲ್ಲಣ್ಣ," ಎಂದ ಷಡ್ಡಕ. "ನಾನು ನಾಯಕತ್ವದ ಕಡೆ ಇದ್ದೀನಿ."

ಬಳಸುವವರನ್ನು ನೋಡಬೇಕಾದರೆ ಸಮಾವೇಶಕ್ಕೆ ಬನ್ನಿ, ಅಲ್ಲಿ ನೂರಾರು ಜನ ಇರ್ತಾರೆ ಎಂದು ಕರೆದುಕೊಂಡು ಹೋದ. ದೊಡ್ಡ ಹೋಟೆಲಿನ ಸಭಾಂಗಣ. ಜೋರು ಸಂಗೀತದ ನಡುವೆ ಸಾಕ್ಷಾತ್ ಗರುಡರು ವೇದಿಕೆಗೆ ಓಡುತ್ತಲೇ ಬಂದರು. ನಡೆಯಲು ಬೇಕಾದಷ್ಟು ಜಾಗವಿತ್ತು, ಹೊತ್ತೂ ಇತ್ತು, ಆದರೂ ಓಡಿದರು. ಹೊಸಬರು ಒಬ್ಬೊಬ್ಬರಾಗಿ ಎದ್ದು ನಿಂತು, ಏನಾಗಬೇಕೆಂದಿದ್ದೇವೆ ಎಂದು ಹೇಳಬೇಕಿತ್ತು. ಒಬ್ಬರು ಗಿಡುಗ ಎಂದರು, ಇನ್ನೊಬ್ಬರು ನೇರವಾಗಿ ಗರುಡ ಎಂದರು, ಚಪ್ಪಾಳೆ ಬಿತ್ತು. ಮೈಕು ಮಸಿಯಣ್ಣನ ಕೈಗೆ ಬಂತು.

"ನಾನು ಗಿರಾಕಿ," ಎಂದ.

ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ನಿಂತವು. ಷಡ್ಡಕ ತನ್ನ ಗಿಳಿಯ ಬಿಲ್ಲೆಯನ್ನು ಕೈಯಿಂದ ಮುಚ್ಚಿಕೊಂಡ.

"ಗಿರಾಕಿ ಅಂದ್ರೆ?" ಗರುಡರು ಕೇಳಿದರು. ಗದರಿದ್ದಲ್ಲ, ನಿಜವಾಗಿಯೂ ತಿಳಿಯಲಿಲ್ಲ.

"ಡಬ್ಬಿ ಕೊಂಡ್ಕೊತೀನಿ. ಕೈ ತೊಳ್ಕೊತೀನಿ."

"ಆಮೇಲೆ?"

"ಆಮೇಲೆ ಒರೆಸ್ಕೊತೀನಿ."

ಟೀ ವಿರಾಮದಲ್ಲಿ ಅವನ ಸುತ್ತ ಜನ ನೆರೆದರು. ಮೃಗಾಲಯಕ್ಕೆ ಹೊಸ ಪ್ರಾಣಿ ಬಂದಾಗ ನೆರೆಯುವ ಹಾಗೆ. ಅದು ನೊರೆ ಬರುತ್ತಾ, ಉರಿಯುತ್ತಾ, ವಾಸನೆ ಹೇಗೆ ಎಂದು ಕೇಳಿದರು. ಅವನೂ ಬಿಡಲಿಲ್ಲ. ಕೈ ತೊಳೆದುಕೊಂಡೇ ಅವರ ಬೆನ್ನು ಹತ್ತಿದ: ಒಣ ಕೈಗೋ, ಒದ್ದೆ ಕೈಗೋ? ಸಂಗೀತದ ಮೇಷ್ಟ್ರೊಬ್ಬರಿಗೆ ಗೊತ್ತಿರಲಿಲ್ಲ. ಕನ್ನಡಕದ ಅಂಗಡಿಯ ಗಿಡುಗಕ್ಕೂ ಗೊತ್ತಿರಲಿಲ್ಲ. ಒಬ್ಬ ಹೆಂಗಸು ಮಾತ್ರ ನಾನು ದಿನಾ ಉಪಯೋಗಿಸ್ತೀನಿ ಎಂದಳು. ಆಸೆಯಿಂದ ಹೇಗೆ ಎಂದು ಕೇಳಿದರೆ, ಅಡುಗೆಮನೆ ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಇಡ್ತೀನಿ ಎಂದಳು.

ಕೆಲವು ತಿಂಗಳು ಕಳೆದವು. ಒಂದು ದಿನ ಷಡ್ಡಕ ಪ್ರೆಸ್ಸಿಗೆ ಬಂದು ಬೆಂಚಿನ ಅಂಚಿನಲ್ಲಿ ಕೂತು, ಪೇಸ್ಟು ನಿಂತುಹೋಯಿತು ಎಂದು ಸುದ್ದಿ ಮುಟ್ಟಿಸಿದ. ಅದನ್ನು ಹಿಡಿದುಕೊಂಡು ಭಾಷಣ ಮಾಡಿದರೆ ಜನಕ್ಕೆ ಹುಮ್ಮಸ್ಸು ಬರುತ್ತಿಲ್ಲವಂತೆ. ಅದರ ಬದಲು ನೇರಳೆ ಬಣ್ಣದ ಒಂದು ಪಾನೀಯ ಬಂದಿದೆ; ಕುಡಿದರೆ ಜ್ಞಾಪಕಶಕ್ತಿ ಹೆಚ್ಚುತ್ತದೆ.

"ಅದರಲ್ಲಿ ಮಸಿ ಹೋಗುತ್ತಾ?" ಎಂದು ಮಸಿಯಣ್ಣ ಕೇಳಿದ.

ಮನೆಯ ಡಬ್ಬಿಯಲ್ಲಿ ಉಳಿದದ್ದನ್ನು ಚಮಚದಲ್ಲಿ ಕೆರೆದು ಕೆರೆದು ಬಳಸಿದ. ಅದೂ ಮುಗಿಯಿತು. ಪೇಟೆಯಲ್ಲಿ ಸಿಕ್ಕ ಸೋಪುಗಳನ್ನೆಲ್ಲ ತಂದ. ಅವು ಕೈಗೆ ಪರಿಮಳ ಕೊಟ್ಟವು, ಮಸಿಯನ್ನು ಮುಟ್ಟಲಿಲ್ಲ. ಉಗುರಿನ ಸುತ್ತ ಮತ್ತೆ ಶ್ರದ್ಧಾಂಜಲಿಯ ಅಂಚು ಬಂತು. ಒಂದು ಸಂಜೆ ಅವನು ಎಂದಿನಂತೆ ಕೈ ಚಾಚಿ ಕೂತ. ಹೆಂಡತಿ ಆ ಕೈ ನೋಡಿದಳು, ಲಡಿ ನೋಡಿದಳು, ಕುರ್ಚಿಯನ್ನು ಎಳೆದುಕೊಂಡಳು. ಅದರ ಬೆನ್ನಿಗೆ ಲಡಿ ಸಿಕ್ಕಿಸಿ ಉಂಡೆ ಸುತ್ತತೊಡಗಿದಳು. ಟೈಲರನ ತಮ್ಮ ಕೊನೆಗೆ ಏನು ಮಾಡಿದ ಎಂಬುದು ಅವತ್ತು ಗೊತ್ತಾಗಬೇಕಿತ್ತು. ಕೇಳಿದರೆ, ಲಡಿ ಗಂಟಾಗುತ್ತೆ, ಸುಮ್ನಿರಿ ಎಂದಳು.

ಅವನಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಿಗ್ಗೆ ಯಂತ್ರದ ಮುಂದೆ ನಿಂತಿದ್ದಾಗ ತಲೆಯಲ್ಲೊಂದು ಲೆಕ್ಕ ಸುತ್ತತೊಡಗಿತು. ಈ ಪೇಸ್ಟನ್ನು ಯಾರೂ ಬಳಸಿಲ್ಲ. ಆದರೆ ಸೇರುವಾಗ, ಪದವಿ ಏರುವಾಗ ಎಲ್ಲರೂ ಕೊಂಡಿದ್ದಾರೆ. ಹಾಗಾದರೆ ಡಬ್ಬಿಗಳೆಲ್ಲ ಎಲ್ಲಿ?

ಯಂತ್ರ ನಿಲ್ಲಿಸಿ ನೇರ ಷಡ್ಡಕನ ಮನೆಗೆ ನಡೆದ. ಷಡ್ಡಕ ಬಾಗಿಲಲ್ಲೇ, ಏನಿಲ್ಲಣ್ಣ, ನನ್ನ ಸರಕೆಲ್ಲ ಕೈಯಿಂದ ಕೈಗೆ ಖರ್ಚಾಗಿದೆ ಎಂದ. ನಾದಿನಿ ಒಳಗಿನಿಂದ ಕರೆದಳು.

"ಭಾವ, ಇಲ್ಲಿ ಬಂದು ಮಂಚದ ಕೆಳಗೆ ನೋಡಿ. ಕಸಪೊರಕೆ ಒಳಗೆ ಹೋಗಿ ವರ್ಷ ಆಯ್ತು."

ಡಬ್ಬಿಗಳು ಗೋಡೆಯವರೆಗೂ ಇದ್ದವು. ಮಸಿಯಣ್ಣ ಮೊಣಕಾಲೂರಿ ಒಂದೊಂದನ್ನೇ ಹೊರಗೆಳೆದು, ಧೂಳು ಒರೆಸಿ, ಅಲುಗಾಡಿಸಿ ಒಣಗಿಲ್ಲ ತಾನೇ ಎಂದು ಪರೀಕ್ಷಿಸಿದ. ಷಡ್ಡಕ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಸುಮ್ಮನೆ ತಗೊಂಡು ಹೋಗಿ ಎಂದ. ಮಸಿಯಣ್ಣ ಒಪ್ಪಲಿಲ್ಲ, ಬಿಟ್ಟಿ ತಂದರೆ ಇನ್ನೊಂದು ಸಲ ಹೇಗೆ ಕೇಳುವುದು? ರಸೀದಿ ಬರೆಯುವಾಗ ಷಡ್ಡಕ ಎರಡು ಹಾಳೆ ಕೆಡಿಸಿದ. ಬೇಕೆಂದು ಬಂದವರಿಗೆ ಅವನು ಒಂದು ವಸ್ತು ಮಾರಿದ್ದು ಅದೇ ಮೊದಲು. ಸಂಜೆಯ ಹೊತ್ತಿಗೆ ಅವನ ಎದೆ ಮತ್ತೆ ಮುಂದೆ ಬಂದಿತ್ತು. ನಾನೊಬ್ಬ ದೊಡ್ಡ ಗಿರಾಕಿಯನ್ನು ಹಿಡಿದಿದ್ದೀನಿ ಎಂದು ತನ್ನ ಮೇಲಿನವರಿಗೆಲ್ಲ ಫೋನು ಮಾಡಿದ.

ಹಾಗಾಗಿ ಮಸಿಯಣ್ಣ ಸರಪಳಿಯ ಒಂದೊಂದೇ ಕೊಂಡಿ ಹಿಡಿದು ಮೇಲೆ ಹೋದ. ಸಂಗೀತದ ಮೇಷ್ಟ್ರ ಮನೆಯಲ್ಲಿ ಡಬ್ಬಿಗಳು ಹಾರ್ಮೋನಿಯಂ ಪೆಟ್ಟಿಗೆಗೆ ಕಾಲಾಗಿದ್ದವು. ಕನ್ನಡಕದ ಅಂಗಡಿಯ ಗಿಡುಗ ಅವನ್ನು ಅಟ್ಟದ ಮೇಲಿಟ್ಟು, ಹೆಂಡತಿಗೆ ಹೊಸ ಚೌಕಟ್ಟುಗಳು ಎಂದು ಹೇಳಿದ್ದ. ಬಾಗಿಲಿಗೆ ಅಡ್ಡ ಇಡುವ ಹೆಂಗಸು ಒಂದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಕೊಟ್ಟಳು. ಎಲ್ಲ ಕಡೆಯೂ ಅವನು ಅದೇ ಒಣ ಕೈ, ಒದ್ದೆ ಕೈ ಪ್ರಶ್ನೆ ಕೇಳಿದ, ಎಲ್ಲರೂ ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದರು.

ಕೊನೆಗೆ ಒಂದು ಮಧ್ಯಾಹ್ನ ಪ್ರೆಸ್ಸಿನ ಮುಂದೆ ಒಂದು ಹಳೆಯ ಸ್ಕೂಟರು ನಿಂತಿತು. ಹಿಂದಿನ ಸೀಟಿಗೆ ರಟ್ಟಿನ ಪೆಟ್ಟಿಗೆ ಕಟ್ಟಿತ್ತು. ಇಳಿದವರು ಗರುಡರು. ಇಲ್ಲಿ ಸಂಗೀತವಿರಲಿಲ್ಲವಾದ್ದರಿಂದ ನಡೆದೇ ಬಂದರು. ಒಳಗೆ ಬಂದು ಬಾಗಿಲು ಅರ್ಧ ಮುಂದಕ್ಕೆ ಮಾಡಿ ದನಿ ತಗ್ಗಿಸಿದರು.

"ನಿಜ ಹೇಳಿ, ನೀವು ಯಾವ ಕಂಪನಿಯವರು? ಇಷ್ಟೊಂದು ಡಬ್ಬಿ ತಗೊಂಡು ಏನು ಮಾಡ್ತಿದ್ದೀರಿ?"

ಬಾಯಲ್ಲಿ ಹೇಳಿದರೆ ಇವರಿಗೆ ನಂಬಿಕೆ ಬರುವುದಿಲ್ಲ ಎಂದು ಮಸಿಯಣ್ಣನಿಗೆ ಅನ್ನಿಸಿತು. ಅವರ ಬಲಗೈ ಹಿಡಿದುಕೊಂಡು, ಇಂಕಿನ ರೋಲರಿನ ಮೇಲೆ ಅಂಗೈ ಒತ್ತಿಬಿಟ್ಟ. ಗರುಡರು ಹೌಹಾರಿದರು. ಈ ಕೈ ಎಷ್ಟು ಜನರ ಕೈ ಕುಲುಕಿದ ಕೈ ಗೊತ್ತೇನ್ರೀ ಎಂದರು. ಸಂಜೆ ಭಾಷಣವಿದೆ, ಅಂಗಿ ಬಿಳಿಯದು ಎಂದರು. ಮಸಿಯಣ್ಣ ಅವರನ್ನು ನಲ್ಲಿಯ ಹತ್ತಿರ ನಿಲ್ಲಿಸಿ, ತನ್ನ ಅಂದಾಜಿನ ಮೇಲೆ ಒಣ ಕೈಗೇ ಒಂದು ಚಮಚ ಪೇಸ್ಟು ಹಾಕಿದ.

ಗರುಡರು ಮೊದಲು ಹೆದರುತ್ತಾ ಉಜ್ಜಿದರು, ಆಮೇಲೆ ಜೋರಾಗಿ ಉಜ್ಜಿದರು. ನೀರು ಬಿಟ್ಟಾಗ ಕಪ್ಪೆಲ್ಲ ತೊಟ್ಟಿಯ ತೂತಿಗೆ ಹರಿದುಹೋಯಿತು. ಅವರು ಕೈಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ವೇದಿಕೆಯ ದನಿ ಎಲ್ಲಿ ಹೋಯಿತೋ.

"ಹೋಗುತ್ತಲ್ರೀ," ಎಂದರು ಮೆಲ್ಲಗೆ. "ಇದು ನಿಜವಾಗ್ಲೂ ಕೆಲಸ ಮಾಡುತ್ತೆ."

ಮಸಿಯಣ್ಣ ಹೂಂ ಎಂದ. ಗರುಡರು ತಮ್ಮ ಡಬ್ಬಿಗಳ ಪೆಟ್ಟಿಗೆ ಇಳಿಸಿದರು, ಕೊಟ್ಟಷ್ಟು ದುಡ್ಡು ತೆಗೆದುಕೊಂಡರು, ಲೆಕ್ಕವನ್ನೂ ನೋಡಲಿಲ್ಲ. ಹೋಗಲು ಮಾತ್ರ ಮನಸ್ಸು ಮಾಡಲಿಲ್ಲ. ಅಲ್ಲೇ ನಿಂತು ಅಂಗೈ ನೋಡಿಕೊಳ್ಳುತ್ತಾ, ಸ್ಕೂಟರು ಆಗಾಗ ಕೆಡುತ್ತೆ, ಗ್ರೀಸು ಉಗುರೊಳಗೆ ಸೇರಿಬಿಡುತ್ತೆ ಎಂದರು. ಆಮೇಲೆ, ನಾನೊಂದು ಡಬ್ಬಿ ಇಟ್ಕೊಳ್ಲಾ ಎಂದು ಕೇಳಿದರು.

ಮಸಿಯಣ್ಣ ಯೋಚಿಸಿದ. ಗೋಡೆಗೆ ಒರಗಿಸಿ ಪೇರಿಸಿದ್ದ ಡಬ್ಬಿಗಳನ್ನು ನೋಡಿದ. ಹಿಡಿತವಾಗಿ ಬಳಸಿದರೆ ಅವನು ಯಂತ್ರ ನಿಲ್ಲಿಸುವವರೆಗೂ, ಹೆಂಡತಿ ಹೆಣಿಗೆ ಬಿಡುವವರೆಗೂ ಬರುವಷ್ಟಿದ್ದವು. ಟೈಲರನ ತಮ್ಮನ ಕಥೆಯ ಮುಂದಿನ ಕಂತು ಇವತ್ತು ಸಂಜೆಗೇ ಕಾದಿತ್ತು. ಹಾಗಂತ ಕೇಳಿದವರಿಗೆ ಇಲ್ಲ ಎನ್ನುವುದು ಹೇಗೆ?

ನಲ್ಲಿಯ ಕಟ್ಟೆಯ ಮೇಲಿದ್ದ, ಮುಕ್ಕಾಲು ಖಾಲಿಯಾದ ಹಳೆಯ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಹಾಕಿ ಅವರ ಕೈಗಿಟ್ಟ. ಹೊಸದು ಕೊಡುವಷ್ಟು ದೊಡ್ಡ ಮನಸ್ಸು ಅವನಿಗಿರಲಿಲ್ಲ.