ಬೋಳು ಗುಡ್ಡ ಒಪ್ಪದ ಮೇಡಂ

ಅವರ ಎಡಗೈ ತೋರುಬೆರಳಿಗೆ ಯಾವಾಗಲೂ ಕೆಂಪು ಉಲ್ಲನ್ ದಾರದ ತುಂಡೊಂದು ಸುತ್ತಿರುತ್ತಿತ್ತು. ಪಾಠ ಮಾಡುವಾಗ ಅದನ್ನು ಬಿಚ್ಚಿ ಕಿಟಕಿಯ ಸರಳಿಗೆ ಕಟ್ಟುವರು. ಅದು ಅಲುಗುವುದನ್ನು ನೋಡುತ್ತಾ ಅರ್ಧ ವಾಕ್ಯಕ್ಕೇ ನಿಂತುಬಿಡುವರು.

ತೊಂಬತ್ತರ ದಶಕದ ಕೊನೆಯಲ್ಲಿ ಅವರು ನನ್ನ ಪಿಎಚ್.ಡಿ. ಗೈಡ್. ಮನೆ ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿ. ಮರಗಳಿರುವ ಗುಡ್ಡವನ್ನು ಗಾಳಿ ಹೇಗೆ ದಾಟುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು ನನ್ನ ಕೆಲಸ. ಬೋಳು ಗುಡ್ಡವಾದರೆ ಸುಲಭ; ಗಾಳಿ ಏರುತ್ತದೆ, ನೆತ್ತಿಯಲ್ಲಿ ಜೋರಾಗುತ್ತದೆ, ಆಚೆ ಇಳಿಯುತ್ತದೆ. ಮರ ಹಾಕಿದೊಡನೆ ಎಲ್ಲ ಕದಡಿಹೋಗುತ್ತದೆ. ನಮ್ಮ ವಿಭಾಗದ ಕಂಪ್ಯೂಟರು ಲೆಕ್ಕದ ನಡುವೆಯೇ ಕೈಕೊಡುತ್ತಿತ್ತು. "ಕೈಕೊಡಲಿ ಬಿಡಮ್ಮ, ಅದಕ್ಕೂ ಕಷ್ಟ ಗೊತ್ತಾಗ್ಲಿ" ಎನ್ನುವರು.

ಮೊದಲ ಸಲ ಲೆಕ್ಕ ಪೂರ್ತಿಯಾದಾಗ, ಗುಡ್ಡದ ಹಿಂಬದಿಯ ಮರಗಳ ನಡುವೆ ಗಾಳಿ ವಾಪಸ್ಸು ಗುಡ್ಡದ ಕಡೆಗೇ ಬೀಸುತ್ತಿತ್ತು. ತಪ್ಪಾಗಿದೆ, ತಿದ್ದುತ್ತೇನೆ ಎಂದೆ. ಮೇಡಂ ನನ್ನನ್ನು ಬಸ್ಸು ಹತ್ತಿಸಿ, ಗೊಟ್ಟಿಗೆರೆ ದಾಟಿ ಮರಗಳಿದ್ದ ಒಂದು ಗುಡ್ಡಕ್ಕೆ ಕರೆದೊಯ್ದರು. ಸೆರಗು ಸಿಕ್ಕಿಸಿಕೊಂಡು, ಕೊಂಬೆಕೊಂಬೆಗೆ ದಾರ ಕಟ್ಟಿದರು. ನೆತ್ತಿಯ ಮೇಲಿನ ದಾರಗಳು ಪೂರ್ವಕ್ಕೆ ಹಾರುತ್ತಿದ್ದವು. ಆಚೆ ಇಳಿಜಾರಿನ ದಾರಗಳು ಅಷ್ಟೇ ನಿಶ್ಚಿತವಾಗಿ ಪಶ್ಚಿಮಕ್ಕೆ, ಗುಡ್ಡದ ಕಡೆಗೆ.

"ಈಗ ಯಾರನ್ನ ತಿದ್ದುತೀಯ? ಗಾಳೀನಾ?" ಎಂದು ನಕ್ಕರು.

ಕಂಪ್ಯೂಟರು ಕೊಡಿಸಿದ್ದು ಒಂದು ವಿಂಡ್‌ಮಿಲ್ ಕಂಪನಿ. ನಾನು ಲೆಕ್ಕ ಹಾಕುತ್ತಿದ್ದುದು ಅವರು ಆರಿಸಿಕೊಂಡಿದ್ದ ಗುಡ್ಡವನ್ನು. ಅದರ ಹಿಂಬದಿಯಲ್ಲೇ ಕಂಬ ನಿಲ್ಲಿಸಬೇಕೆಂದು ಆಗಲೇ ತೀರ್ಮಾನಿಸಿದ್ದರು. ನನ್ನ ಲೆಕ್ಕದ ಪ್ರಕಾರ ಅಲ್ಲಿರುವುದು ರೆಕ್ಕೆ ಮುರಿಯುವಂಥ ಗಾಳಿ. ಅವರ ಎಂಜಿನಿಯರ್ ನಗುತ್ತಲೇ ಬಂದ.

"ಮರ ಎಲ್ಲ ಯಾಕೆ ಮೇಡಂ? ಹುಲ್ಲು ಅಂತ ಹಾಕ್ಕೊಳ್ಳಿ. ರಿಸಲ್ಟ್ ಸಖತ್ತಾಗ್ ಬರುತ್ತೆ."

"ಮೊದ್ಲು ಗುಡ್ಡಕ್ಕೆ ಕ್ಷೌರ ಮಾಡಿಸ್ಕೊಂಡ್ ಬನ್ನಿ ಸಾರ್. ಆಮೇಲೆ ಹುಲ್ಲು ಹಾಕೋಣ."

ಆತ ಕಾಫಿ ಮುಗಿಸದೆ ಎದ್ದ.

ಮರುವರ್ಷ ಮೇಡಂ ಹಾಸಿಗೆ ಹಿಡಿದರು. ವಿಭಾಗದ ಮುಖ್ಯಸ್ಥರು ನನ್ನ ಹೊಸ ಗೈಡ್ ಆದರು. ಕೆಟ್ಟವರೇನಲ್ಲ. "ಮರ ತೆಗೆದುಬಿಡಮ್ಮ. ಕಂಪನಿಯವ್ರೂ ಖುಷಿ, ನಿಂಗೂ ಡಿಗ್ರಿ. ಇಲ್ದಿದ್ರೆ ಥೀಸಿಸ್‌ಗೆ ನಾನು ಸೈನ್ ಹಾಕಕ್ಕಾಗಲ್ಲ" ಎಂದರು.

ಯಡಿಯೂರಿಗೆ ಹೋಗಿ ಮೇಡಂಗೆ ಇದನ್ನು ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ. ದಿಂಬಿಗೆ ಒರಗಿ, ಉಸಿರು ಕೂಡಿಸಿಕೊಂಡು ಹೇಳಿದರು: "ನಾನಾಗಿದ್ರೆ ಜಗಳ ಆಡ್ತಿದ್ದೆ. ನಿಂಗೆ ಜಗಳ ಬರಲ್ಲ, ಗೊತ್ತು. ಆಗಲ್ಲ ಅನ್ನೋಕೆ ಜಗಳ ಯಾಕಮ್ಮ ಬೇಕು? ಮೆತ್ತಗೇ ಹೇಳು. ಆದ್ರೆ ಹೇಳು."

ಯಾರಾದರೂ ಹೀಗೆ, ನನ್ನ ಸ್ವಭಾವವನ್ನು ಬದಲಿಸಲು ಹೋಗದೆ, ಅದರೊಳಗೇ ಗಟ್ಟಿ ಜಾಗವೊಂದನ್ನು ತೋರಿಸಿದ್ದು ಅದೇ ಮೊದಲು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು.

ಬನಶಂಕರಿಯ ಚಿತಾಗಾರದ ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಮುಖ್ಯಸ್ಥರು ಪಕ್ಕಕ್ಕೆ ಬಂದರು. "ಪಾಪ, ತುಂಬಾ ಹಠ ಅವರದ್ದು. ನಾಳೆ ಬಂದು ಮುಗಿಸ್ಬಿಡು." ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಮರುದಿನ ಬೆಳಿಗ್ಗೆ, ವಿಭಾಗದ ಬಾಗಿಲು ತೆರೆಯುತ್ತಲೇ ಒಳಗೆ ಹೋಗಿ, ಗುಡ್ಡವನ್ನು ಮರಗಳ ಸಮೇತ ಲೆಕ್ಕಕ್ಕೆ ಹಾಕಿದೆ. ಆಮೇಲೆ ಮುಖ್ಯಸ್ಥರ ಕೋಣೆಗೆ ಹೋದೆ.

"ಬೇಕಿದ್ರೆ ನಿಮ್ಮ ಹೆಸರು ತೆಗೀತೀನಿ ಸಾರ್. ಮರ ತೆಗೆಯಲ್ಲ" ಎಂದೆ.

ಅವರು ಕೂತ್ಕೋ ಎನ್ನಲಿಲ್ಲ. ನಾನೂ ಹೊರಡಲಿಲ್ಲ.