ಹೆಪ್ಪು ಕೇಳಿದ ತಂಗಿಯ ಜೊತೆ ಕೆಂಗೇರಿಗೆ

ಬಸವೇಶ್ವರನಗರದಿಂದ ಕೆಂಗೇರಿಗೆ ಹೋಗಿಬಂದದ್ದನ್ನು ಪ್ರವಾಸ ಎಂದು ಬರೆಯಹೊರಟರೆ ನಮ್ಮ ಮನೆಯವರು ನಗುತ್ತಾರೆ. ನಗಲಿ. ಕಾಶಿಗೆ ಹೋಗಿದ್ದಾಗಲೂ ನನಗೆ ಅಷ್ಟು ದೂರ ಹೋದಂತೆ ಅನಿಸಿರಲಿಲ್ಲ. ಆಷಾಢದ ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ, ತಿಂಡಿಯ ಪಾತ್ರೆ ತೊಳೆದಿಟ್ಟು, ಕೊಡೆ ಹಿಡಿದು ಹೊರಟೆ. "ಬರ್ತಾ ಹಸಿಮೆಣಸಿನಕಾಯಿ ತಗೊಂಡು ಬಾ," ಎಂದರು ನನ್ನ ಗಂಡ, ಪೇಪರಿನಿಂದ ತಲೆ ಎತ್ತದೆ. ಎಲ್ಲಿಗೆ, ಯಾಕೆ ಎಂದು ನಾನು ಪೂರ್ತಿ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಎದುರು ಬೀದಿಯ ಮನೆಯಿಂದ ನನ್ನ ತಂಗಿ ಗಿರಿಜ ಹೊರಟದ್ದು ಹಾಗಲ್ಲ. ಗೇಟಿನ ಹತ್ತಿರ ಮನೆಮಂದಿಯೆಲ್ಲ ನಿಂತಿದ್ದರು. ಸೊಸೆ ಫ್ಲಾಸ್ಕಿನಲ್ಲಿ ಗಂಜಿ ತುಂಬಿ ಕೊಟ್ಟಳು, ಮಗ ಸ್ವೆಟರ್ ಹೊದಿಸಿದ, ಗಂಡ ಆಟೋದವನಿಗೆ ನಿಧಾನವಾಗಿ ಓಡಿಸಲು ಹೇಳಿದರು. "ದೊಡ್ಡಮ್ಮ, ಅಮ್ಮನ್ನ ಹುಷಾರಾಗಿ ನೋಡ್ಕೊಳ್ಳಿ," ಎಂದ ಮಗ ನನಗೆ. ನನ್ನನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ಅವನು ಹೇಳಲಿಲ್ಲ.

ನನಗೆ ಗಿರಿಜಳ ಮೇಲೆ ಹೊಟ್ಟೆಕಿಚ್ಚು. ಅವಳು ಹುಟ್ಟಿದ ದಿನದಿಂದ ಇದೆ. ಪ್ರೌಢಶಾಲೆಯಲ್ಲಿ ಕನ್ನಡ ಮೇಡಂ ಆಗಿದ್ದು ನಿವೃತ್ತಳಾದ ಮೇಲೆ ಇಂಥದ್ದನ್ನು ಮುಚ್ಚಿಟ್ಟು ನನಗೆ ಆಗಬೇಕಾದ್ದೇನೂ ಇಲ್ಲ. ಅವಳು ಕೈ ಎತ್ತಿದರೆ ಆಟೋ ನಿಲ್ಲುತ್ತದೆ. ಅವಳು ಸುಮ್ಮನೆ ಚುಚ್ಚಿಟ್ಟ ದಾಸವಾಳದ ಕಡ್ಡಿ ಚಿಗುರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ವಾರಕ್ಕೊಮ್ಮೆ ಬಟ್ಟಲು ಹಿಡಿದು ನನ್ನ ಮನೆಗೆ ಬಂದು ಒಂದು ಚಮಚ ಹೆಪ್ಪು ಕೇಳಿ ಒಯ್ಯುತ್ತಾಳೆ. ಅದೇ ಹೆಪ್ಪಿಗೆ ನನ್ನ ಮನೆಯಲ್ಲಿ ನೀರಾದ ಮೊಸರು, ಅವಳ ಮನೆಯಲ್ಲಿ ಚಾಕುವಿನಿಂದ ಕೊಯ್ಯುವಂಥ ಗಟ್ಟಿ ಮೊಸರು. ದೀಪ ಹಚ್ಚಿದ ಮೇಲೆ ಯಾರಿಗೂ ಹೆಪ್ಪು ಕೊಡಬಾರದು ಎಂಬುದು ನಮ್ಮಮ್ಮನ ಕಟ್ಟುನಿಟ್ಟು. ಹಾಗಾಗಿ ಗಿರಿಜ ಯಾವಾಗಲೂ ಸಂಜೆಗೆ ಮುಂಚೆಯೇ ಬರುತ್ತಾಳೆ.

ನಾವು ಕೆಂಗೇರಿಗೆ ಹೊರಟದ್ದಕ್ಕೆ ಕಾರಣ ನಮ್ಮ ಅಣ್ಣ. ಕರುಳಿನ ಕ್ಯಾನ್ಸರಿನಿಂದ ಹೋದ. ರಕ್ತ ಕಂಡಾಗ ಮೂಲವ್ಯಾಧಿ ಎಂದುಕೊಂಡ, ಮುಂದಿನ ತಿಂಗಳು ತೋರಿಸುತ್ತೇನೆ ಎನ್ನುತ್ತಾ ದಿನ ದೂಡಿದ. ಗೊತ್ತಾಗುವ ಹೊತ್ತಿಗೆ ಡಾಕ್ಟರಿಗೆ ಮಾಡಲು ಏನೂ ಉಳಿದಿರಲಿಲ್ಲ. ಅವನು ಹೋದ ಮೇಲೆ ಗಿರಿಜ ಎಲ್ಲಿಂದಲೋ ಒಂದು ಸಂಶೋಧನೆಯ ಸುದ್ದಿ ತಂದಳು. ಕೆಂಗೇರಿ ಉಪನಗರದ ಒಂದು ಪ್ರಯೋಗಾಲಯದವರು, ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳನ್ನು ನೋಡಿ ಕ್ಯಾನ್ಸರಿನ ಸುಳಿವನ್ನು ಮೊದಲೇ ಹಿಡಿಯಬಹುದೇ ಎಂದು ಪರೀಕ್ಷಿಸುತ್ತಿದ್ದರಂತೆ. ರೋಗಿಗಳ ಒಡಹುಟ್ಟಿದವರು ಬೇಕಾಗಿದ್ದರು. ಕೊಡಬೇಕಾದ್ದು ಮಲ, ಪುಟ್ಟ ಡಬ್ಬದಲ್ಲಿ. ಇಬ್ಬರ ಹೆಸರನ್ನೂ ಅವಳೇ ಕೊಟ್ಟಳು, ನನ್ನನ್ನು ಕೇಳದೆ.

ಡಬ್ಬ ಒಯ್ಯುವ ವ್ಯಾನು ಬೀದಿಗೆ ಬಂದು ನಿಂತ ಬೆಳಿಗ್ಗೆ ಗಿರಿಜ ಹಿತ್ತಲ ಬಾಗಿಲಿನಿಂದ ನನ್ನ ಮನೆಗೆ ಓಡಿಬಂದಳು. ಕೈಯಲ್ಲಿ ಖಾಲಿ ಡಬ್ಬ.

"ಅಕ್ಕ, ನಂಗೆ ಇವತ್ತು ಆಗ್ಲೇ ಇಲ್ಲ ಕಣೇ. ಬಾಳೆಹಣ್ಣು, ಬಿಸಿನೀರು, ಏನು ಮಾಡಿದ್ರೂ ಇಲ್ಲ. ನಿಂದ್ರಲ್ಲೇ ಸ್ವಲ್ಪ ಕೊಡೇ."

"ಥೂ, ಅದನ್ನೂ ಕೇಳ್ತಾರೇನೇ?"

"ಹೆಪ್ಪು ಕೇಳಿದೆ ಅನ್ಕೊಳ್ಳೇ. ಇಬ್ಬರೂ ಒಂದೇ ತಾಯಿ ಮಕ್ಕಳು, ಒಂದೇ ಹೆಪ್ಪಿನ ಮೊಸರು ತಿನ್ನೋರು. ಏನು ವ್ಯತ್ಯಾಸ ಇರುತ್ತೆ? ಅಡ್ಜಸ್ಟ್ ಮಾಡ್ಕೊಳ್ಳೇ."

ನಾನು ಅಡ್ಜಸ್ಟ್ ಮಾಡಿಕೊಂಡೆ. ಒಳಗೊಳಗೇ ಖುಷಿಯೂ ಆಗಿತ್ತು. ಅವಳಿಂದ ಆಗದ್ದೊಂದು ನನ್ನಿಂದ ಆಯಿತಲ್ಲ ಎಂದು ಅವತ್ತೆಲ್ಲ ಲವಲವಿಕೆಯಿಂದ ಓಡಾಡಿದೆ.

ಕೆಲವು ವಾರಗಳ ನಂತರ ಇಬ್ಬರಿಗೂ ಫೋನ್ ಬಂತು. ಇರಬಾರದ ಕೆಲವು ಬ್ಯಾಕ್ಟೀರಿಯಾಗಳು ಇರಬಾರದಷ್ಟು ಕಂಡಿವೆ, ಬಂದು ಮಾತಾಡಿ, ಎಂದರು. ಗಿರಿಜಳ ಮನೆಯಲ್ಲಿ ಗೋಳೋ ಎಂದು ಅತ್ತರು, ಎಳನೀರು ತಂದರು, ಅವಳಿಗೆ ಸೌಟು ಮುಟ್ಟಲು ಬಿಡಲಿಲ್ಲ. ಅವಳ ಡಬ್ಬದಲ್ಲಿದ್ದದ್ದೂ ನನ್ನದೇ ಎಂದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. "ಡಾಕ್ಟ್ರ ಹತ್ರ ನಾನೇ ಹೇಳ್ತೀನಿ, ಅಲ್ಲೀವರೆಗೆ ಯಾರಿಗೂ ಬೇಡ," ಎಂದಿದ್ದಳು ಗಿರಿಜ. ಹೀಗೆ ನನ್ನ ಕಾಯಿಲೆಗೆ ಅವಳಿಗೆ ಉಪಚಾರ ನಡೆಯಿತು. ರಾತ್ರಿಯೆಲ್ಲ ಹೆದರಿಕೊಂಡು ಮಲಗುತ್ತಿದ್ದವಳು ನಾನು, ಹಗಲೆಲ್ಲ ಎಳನೀರು ಕುಡಿಯುತ್ತಿದ್ದವಳು ಅವಳು.

ಆಟೋ ನಮ್ಮನ್ನು ವಿಜಯನಗರದ ಮೆಟ್ರೋ ನಿಲ್ದಾಣಕ್ಕೆ ತಂದು ಬಿಟ್ಟಿತು. ತುಂತುರು ಮಳೆ. ಮೆಟ್ಟಿಲ ಬುಡದಲ್ಲಿ ಸೇವಂತಿಗೆ ಮಾರುತ್ತಿದ್ದಾಕೆ ಗಿರಿಜಳಿಗೆ ಒಂದು ಹೂವು ಸುಮ್ಮನೆ ಕೊಟ್ಟಳು. ನೇರಳೆ ಮಾರ್ಗದ ರೈಲು ತುಂಬಿಕೊಂಡು ಬಂತು. ನಾವು ಒಳಗೆ ಕಾಲಿಟ್ಟ ಕೂಡಲೇ ಕಾಲೇಜು ಹುಡುಗಿಯೊಬ್ಬಳು ಎದ್ದು, "ಆಂಟಿ, ಕೂತ್ಕೊಳ್ಳಿ," ಎಂದಳು. ಯಾವ ಆಂಟಿಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಗಿರಿಜ, "ಅಕ್ಕ, ನೀನು ಕೂತ್ಕೋ," ಎಂದಳು. ಅವಳು ಬಿಟ್ಟುಕೊಟ್ಟ ಸೀಟಿನಲ್ಲಿ ಕೂರುವುದಕ್ಕಿಂತ ನಿಲ್ಲುವುದೇ ಮೇಲು ಎಂದು ಕಂಬ ಹಿಡಿದು ನಿಂತೆ.

ಮೈಸೂರು ರಸ್ತೆಯ ನಿಲ್ದಾಣ ದಾಟಿದ ಮೇಲೆ ಕೆಳಗೆ ವೃಷಭಾವತಿ ಕಂಡಿತು. ಕಪ್ಪು ನೀರಿನ ಮೇಲೆ ಬಿಳಿ ನೊರೆ ತೇಲುತ್ತಿತ್ತು. ಚಿಕ್ಕವರಿದ್ದಾಗ ಅಣ್ಣ ನಮ್ಮಿಬ್ಬರನ್ನೂ ಸೈಕಲ್ಲಿನಲ್ಲಿ ಕೂರಿಸಿಕೊಂಡು ಕೆಂಗೇರಿಯ ಕಡೆ ಬರುತ್ತಿದ್ದ. ಗಿರಿಜ ಮುಂದಿನ ಬಾರಿನ ಮೇಲೆ, ನಾನು ಹಿಂದಿನ ಕ್ಯಾರಿಯರ್ ಮೇಲೆ. ನನಗೆ ದಾರಿಯುದ್ದಕ್ಕೂ ಅಣ್ಣನ ಬೆನ್ನು ಮಾತ್ರ ಕಾಣುತ್ತಿತ್ತು. ಅವಳಿಗೆ ರಸ್ತೆಯೆಲ್ಲ ಕಾಣುತ್ತಿತ್ತು. ಇದನ್ನು ಅವತ್ತು ರೈಲಿನಲ್ಲಿ ನೆನೆದು ಮತ್ತೆ ಹೊಸದಾಗಿ ಸಿಟ್ಟು ಬಂತು. ಜ್ಞಾನಭಾರತಿಯ ಮರಗಳು ಬರುವವರೆಗೂ ನಾನು ಅವಳ ಜೊತೆ ಮಾತಾಡಲಿಲ್ಲ.

ಕೆಂಗೇರಿಯಲ್ಲಿ ಇಳಿದಾಗ ಮಳೆ ನಿಂತಿತ್ತು. ಹೇಳಿದ ಸಮಯಕ್ಕೆ ಇನ್ನೂ ಹೊತ್ತಿದ್ದರಿಂದ ರಸ್ತೆ ಬದಿಯ ಹೋಟೆಲಿಗೆ ಹೋದೆವು. ತಟ್ಟೆ ಇಡ್ಲಿ ಬಿಸಿಯಾಗಿತ್ತು, ಮೇಲೆ ಬೆಣ್ಣೆ. ಗಿರಿಜ ಮುಟ್ಟಲಿಲ್ಲ. ನಾನು ನನ್ನದನ್ನೂ ತಿಂದು ಅವಳದನ್ನೂ ತಿಂದೆ.

"ಹೆಂಗೆ ಇಳಿಯುತ್ತೆ ನಿಂಗೆ?" ಎಂದಳು.

"ಇಳೀದೆ ಏನು? ಹೊಟ್ಟೆ ನಂದು, ಭಯ ನಿಂದಾ?"

ಅವಳು ಸ್ವೆಟರಿನ ಗುಂಡಿಯನ್ನು ಹಾಕುತ್ತಾ ತೆಗೆಯುತ್ತಾ ಕೂತಳು. ಅಷ್ಟರಲ್ಲಿ ಅವಳ ಮಗನ ಫೋನ್ ಮೂರನೇ ಸಲ ಬಂತು. ನನ್ನ ಫೋನ್ ಚೀಲದೊಳಗೆ ತಣ್ಣಗೆ ಇತ್ತು.

ಪ್ರಯೋಗಾಲಯ ಉಪನಗರದ ಒಂದು ತಿರುವಿನಲ್ಲಿ, ಮಹಡಿಯ ಮೇಲೆ. ದೊಡ್ಡ ಫ್ರೀಜರುಗಳು ಗುಂಯ್ ಎನ್ನುತ್ತಿದ್ದವು. ಡಾಕ್ಟರ್ ಸ್ಮಿತಾ ಎಂಬ ಸಂಶೋಧಕಿ ನಮ್ಮನ್ನು ಕೂರಿಸಿದರು. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಬಣ್ಣಬಣ್ಣದ ಎರಡು ಪಟ್ಟಿಗಳು ಅಕ್ಕಪಕ್ಕ ಇದ್ದವು. ಒಂದೊಂದು ಬಣ್ಣವೂ ಒಂದೊಂದು ಜಾತಿಯ ಬ್ಯಾಕ್ಟೀರಿಯಾ ಎಂದರು.

"ನೋಡಿ, ಒಂದೇ ಮನೇಲಿ ಒಂದೇ ಅಡುಗೆ ತಿಂದ್ರೂ ಇಬ್ಬರ ಹೊಟ್ಟೇಲಿ ಒಂದೇ ಥರ ಇರಲ್ಲ. ಅಕ್ಕತಂಗಿ ಆದ್ರೂ ಇರಲ್ಲ. ಇವೆರಡೂ ಒಬ್ಬರದ್ದೇ. ನಾನು ಬೈಯಲ್ಲ ಮೇಡಂ, ಯಾರದ್ದು ಅಂತ ಹೇಳಿದ್ರೆ ಸಾಕು. ಯಾಕಂದ್ರೆ ಅವರಿಗೆ ನಾವು ಬೇಗ ಸ್ಕೋಪ್ ಮಾಡಿಸ್ಬೇಕು."

ನಾನು ಗಿರಿಜಳ ಮುಖ ನೋಡಿದೆ. ಅವಳೇ ಹೇಳುತ್ತೇನೆ ಎಂದಿದ್ದಳಲ್ಲ.

"ನಂದು ಡಾಕ್ಟ್ರೇ," ಎಂದಳು ಗಿರಿಜ. "ಅಕ್ಕಂಗೆ ಅವತ್ತು ಆಗಿರ್ಲಿಲ್ಲ. ನಾನೇ ಕೊಟ್ಟೆ."

ಎಷ್ಟು ಸಲೀಸಾಗಿ ಹೇಳಿದಳೆಂದರೆ ಒಂದು ಗಳಿಗೆ ನಾನೂ ನಂಬಿದೆ. ನಂಬಲು ಬಹಳ ಇಷ್ಟವೂ ಇತ್ತು. ಸುಮ್ಮನಿದ್ದರೆ ಸಾಕು, ಆ ಪಟ್ಟಿಯ ಕೆಟ್ಟ ಬಣ್ಣವೆಲ್ಲ ಅವಳದಾಗಿ, ನಾನು ಹಸಿಮೆಣಸಿನಕಾಯಿ ಕೊಂಡು ಮನೆಗೆ ಹೋಗಬಹುದಿತ್ತು. ಆದರೆ ಆ "ನಂದು" ಎಂಬ ದನಿ ಇದೆಯಲ್ಲ, ನನ್ನ ಗೊಂಬೆ, ನನ್ನ ನೀಲಿ ಲಂಗ, ಸೈಕಲ್ಲಿನ ಮುಂದಿನ ಜಾಗ, ಎಲ್ಲಕ್ಕೂ ಅವಳು ಅದೇ ದನಿಯಲ್ಲಿ ನಂದು ಎಂದಿದ್ದಳು. ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಬಿಟ್ಟುಕೊಟ್ಟದ್ದು ಸಾಕು, ಇದನ್ನೂ ಬಿಟ್ಟುಕೊಡುವುದಿಲ್ಲ ಎಂದು ಎದ್ದು ನಿಂತೆ.

"ಸುಳ್ಳು ಹೇಳ್ತಿದಾಳೆ. ಅದು ನಂದು. ಅದ್ರಲ್ಲಿ ಒಂದು ಚೂರೂ ಇವಳದ್ದಲ್ಲ."

"ಅಕ್ಕ, ಸುಮ್ನಿರು."

"ನೀನು ಸುಮ್ನಿರೇ. ಬೇಕಾದ್ರೆ ಈಗಲೇ ಇನ್ನೊಂದು ಡಬ್ಬ ಕೊಡಿ ಡಾಕ್ಟ್ರೇ, ಎರಡು ಪ್ಲೇಟ್ ಇಡ್ಲಿ ತಿಂದ್ಕೊಂಡು ಬಂದಿದೀನಿ."

ಡಾಕ್ಟರ್ ಸ್ಮಿತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇದಕ್ಕಾಗಿ ಜಗಳವಾಡಿದವರನ್ನು ಅವರು ಕಂಡಿರಲಿಕ್ಕಿಲ್ಲ. ಆಮೇಲೆ ನನ್ನ ಪಕ್ಕಕ್ಕೆ ಬಂದು ಕೂತು ನಿಧಾನವಾಗಿ ಹೇಳಿದರು. ಇದು ಸುಳಿವು ಅಷ್ಟೇ, ರೋಗ ಇದೆ ಎಂದು ತೀರ್ಮಾನವಲ್ಲ. ಸಂಶೋಧನೆ ಇನ್ನೂ ನಡೆಯುತ್ತಿದೆ, ತಪ್ಪಾಗಲೂಬಹುದು. ಸ್ಕೋಪಿನಲ್ಲಿ ಕರುಳಿನೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡಿದರೆ ಖಚಿತವಾಗುತ್ತದೆ. ಗಂಟು ಏನಾದರೂ ಇದ್ದರೆ, ಚಿಕ್ಕದಿರುವಾಗಲೇ ತೆಗೆದುಹಾಕಬಹುದು. ಹಾಗೆ ಹೇಳಿ ಆಸ್ಪತ್ರೆಗೆ ಫೋನ್ ಮಾಡಿ ಅದೇ ವಾರದಲ್ಲಿ ನನಗೆ ದಿನ ಗೊತ್ತು ಮಾಡಿದರು. ಗಿರಿಜಳಿಗೆ ಒಂದು ಹೊಸ ಖಾಲಿ ಡಬ್ಬ ಕೊಟ್ಟರು.

ವಾಪಸು ಬರುವಾಗ ರೈಲು ಖಾಲಿಯಿತ್ತು. ಇಬ್ಬರಿಗೂ ಸೀಟು ಸಿಕ್ಕಿತು. ಅವಳ ತೊಡೆಯ ಮೇಲೆ ಆ ಡಬ್ಬ. ಒಳಗೆ ಏನೂ ಇಲ್ಲದ, ಯಾರೂ ಇನ್ನೂ ಏನೂ ಹೇಳಿರದ ಡಬ್ಬ. ನನ್ನ ಜೀವಮಾನದಲ್ಲಿ ಅವಳ ಯಾವ ವಸ್ತುವನ್ನು ಕಂಡೂ ನನಗೆ ಅಷ್ಟು ಸಂಕಟವಾಗಿರಲಿಲ್ಲ.

"ಯಾಕೆ ನಂದು ಅಂದೆ?" ಎಂದು ಕೇಳಿದೆ.

"ನಂದು ಅಂತ ಅವರು ನಂಬಿದ್ದಿದ್ರೆ ಹೊಸ ಡಬ್ಬ ನಿಂಗೆ ಕೊಡ್ತಿದ್ರು. ಇನ್ನೊಂದು ಸಲ ಕೊಟ್ಟಾಗ ಹೆಂಗೂ ಗೊತ್ತಾಗ್ತಿತ್ತು. ಅಲ್ಲೀವರೆಗಾದ್ರೂ ನೀನು ನಿದ್ದೆ ಮಾಡ್ಲಿ ಅಂತ. ದಿನಾ ರಾತ್ರಿ ನಿಮ್ಮನೆ ಅಡುಗೆಮನೆ ದೀಪ ಉರೀತಿರುತ್ತೆ. ನಂಗೆ ಕಾಣ್ಸಲ್ವಾ?"

ಒಳ್ಳೆಯತನದಲ್ಲೂ ನನಗಿಂತ ಮುಂದೆ ಹೋಗಿ ಕೂತಿದ್ದಳು. ನಾನು ಬಿಡಲಿಲ್ಲ. "ಇನ್ನೊಂದು ತಿಂಗಳು, ಇನ್ನೊಂದು ತಿಂಗಳು ಅಂತಾನೇ ಅಲ್ವೇನೇ ಅಣ್ಣ ಹೋಗಿದ್ದು?" ಎಂದೆ.

ಅವಳು ಅದನ್ನು ಯೋಚಿಸಿರಲಿಲ್ಲ. ಮುಖದ ಬಣ್ಣ ಇಳಿಯಿತು. ಗಿರಿಜ ತಪ್ಪು, ನಾನು ಸರಿ ಎಂದು ಆದದ್ದು ಅದೇ ಮೊದಲು. ಇಷ್ಟು ವರ್ಷ ಕಾದಿದ್ದ ಆ ಗೆಲುವಿನಲ್ಲಿ ನನಗೆ ಒಂದಿಷ್ಟೂ ರುಚಿ ಸಿಗಲಿಲ್ಲ. ಅವಳು ಸೆರಗು ಬಾಯಿಗಿಟ್ಟು ಅಳತೊಡಗಿದಳು. ಎದುರು ಸೀಟಿನ ಹೆಂಗಸು ನೀರಿನ ಬಾಟಲಿ ತೆಗೆದು ಅವಳಿಗೇ ಕೊಟ್ಟಳು.

"ಸ್ಕೋಪ್ ದಿನ ಬರ್ತೀಯಾ?" ಎಂದೆ.

"ನಾನಲ್ದೆ ಇನ್ಯಾರೇ ಬರ್ತಾರೆ?"

ವಿಜಯನಗರದಲ್ಲಿ ಇಳಿದು ಹಸಿಮೆಣಸಿನಕಾಯಿ ಕೊಂಡೆವು. ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಪೇಪರ್ ಮಡಚಿಟ್ಟು, ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡು ಕೂತರು. ಆಮೇಲೆ ತಾವೇ ಹೋಗಿ ಕಾಫಿ ಮಾಡಿದರು, ಇದ್ದಬದ್ದ ಹಾಲನ್ನೆಲ್ಲ ಸುರಿದು. ಮೊಸರಿನ ಪಾತ್ರೆಯೂ ಬರಿದಾಗಿತ್ತು. ಹೊಸ ಹಾಲು ತರಿಸಿ ಕಾಯಿಸುವ ಹೊತ್ತಿಗೆ ಕತ್ತಲಾಗುತ್ತಿತ್ತು. ಹೆಪ್ಪಿಲ್ಲ. ಎಂದೂ ಮಾಡದಿದ್ದ ಕೆಲಸ ಮಾಡಿದೆ. ಬಟ್ಟಲು ಹಿಡಿದು ಎದುರು ಬೀದಿಗೆ ಹೋಗಿ ಗಿರಿಜಳ ಬಾಗಿಲು ತಟ್ಟಿದೆ.

ಅವಳು ಬಟ್ಟಲನ್ನು ನೋಡಿದಳು, ಹಿಂದಕ್ಕೆ ತಿರುಗಿ ದೇವರ ಗೂಡನ್ನು ನೋಡಿದಳು.

"ದೀಪ ಹಚ್ಚಾಯ್ತಲ್ಲೇ ಅಕ್ಕ. ಅಮ್ಮ ಕೊಡಬಾರದು ಅಂತಿದ್ಲು."

"ಕೊಡೋದೇನು ಬಂತು," ಎಂದೆ. "ಅದು ನಂದೇ. ವಾಪಸ್ ಹಾಕು."