ದೊಡ್ಡಪ್ಪ ಮತ್ತು ಬಾಣಂತಿ ಆಮೆ

ಊರಿಗೆ ಹೋಗಲು ಶಾಲು ಬೇಕೆಂದು ಬೀರುವಿನ ಮೇಲಿನ ಖಾನೆ ತಡಕುತ್ತಿದ್ದ ಹೆಂಡತಿ, ಅಂಗೈಯಲ್ಲಿ ಪುಟ್ಟ ಬಿಳಿ ಗಂಟೊಂದನ್ನು ಹಿಡಿದು ನನ್ನೆದುರು ಬಂದು ನಿಂತಳು. "ಏನ್ರೀ ಇದು? ಎದಿ ಮ್ಯಾಲ ಇರೋದು ಬೀರುದಾಗ ಮಲಗೇತಲ್ಲ?"

ಅದು ನನ್ನ ಲಿಂಗ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ನಮ್ಮಲ್ಲಿ ಇಷ್ಟಲಿಂಗವನ್ನು ಬಟ್ಟೆಯಲ್ಲಿ ಸುತ್ತಿ, ಶಿವದಾರ ಪೋಣಿಸಿ ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಒಮ್ಮೆ ಕಟ್ಟಿದ್ದು ಜೀವ ಇರುವತನಕ ಮೈಬಿಟ್ಟು ಹೋಗಬಾರದು. ನನ್ನದು ಹೋದದ್ದು ಬೆನ್ನುನೋವಿನ ಸ್ಕ್ಯಾನಿನ ದಿನ. ಮೈಮೇಲೆ ಏನೂ ಇರಬಾರದು ಅಂದರು, ಬಿಚ್ಚಿದೆ. ದಾರ ಹಳೆಯದಾಗಿತ್ತು, ಹೊಸದು ತಂದು ಕಟ್ಟಿಕೊಂಡರಾಯಿತು ಅಂದುಕೊಂಡೆ. ಆಮೇಲೆ ದಣಿವು. ನನಗೆ ಈಚೆಗೆ ಎಲ್ಲಕ್ಕೂ ದಣಿವೇ, ಪೇಪರಿನ ಪುಟ ತಿರುವಿದರೂ ತೋಳು ನೋಯುತ್ತದೆ. ಗಂಟನ್ನು ಮೂಗಿನ ಹತ್ತಿರ ತಂದೆ. ವಿಭೂತಿಯ ವಾಸನೆ. ಅದರ ಹಿಂದೆಯೇ ಕೆಮ್ಮುತ್ತ ಕೆಮ್ಮುತ್ತ ದೊಡ್ಡಪ್ಪ ನೆನಪಿಗೆ ಬಂದ.

ದೊಡ್ಡಪ್ಪನದು ತಮಿಳು ಶಹರದ ರಾಯಪುರಂ ಪೇಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ. ಬ್ಯಾಡಗಿಯಿಂದ ಬಂದ ಚೀಲಗಳ ಮಧ್ಯೆಯೇ ಕೂತು, ಉಂಡು, ಮಧ್ಯಾಹ್ನ ಅಲ್ಲೇ ಒರಗಿ ಆಯುಷ್ಯ ಕಳೆದವನು. ಆ ಘಾಟು ಎದೆಗಿಳಿದಿತ್ತು. ಡಾಕ್ಟರು ಸಮುದ್ರದ ಗಾಳಿ ತಗೊಳ್ಳಿ ಅಂದಾಗ ನನಗೆ ನಗು. ಅಂಗಡಿಯ ಹಿಂದೆಯೇ ಸಮುದ್ರ! "ಅದು ಸಮುದ್ರ ಅಲ್ಲೋ ತಮ್ಮಾ, ಬಂದರ. ಅಲ್ಲಿ ಗಾಳಿ ಅಂದ್ರ ಲಾರಿ ಹೊಗಿ," ಅಂದ.

ತೊಂಬತ್ತರ ದಶಕದ ಕೊನೆ ಅದು. ನಾನು ಅದೇ ಶಹರದ ವೆಸ್ಟ್ ಮಾಂಬಲಂನಲ್ಲಿ ಬಾಡಿಗೆಗಿದ್ದು, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಆಗಲೂ ದಣಿವೇ, ಬಿಡಿ. ಪಕ್ಕದ ಸೀಟಿನ ಮುರಳಿಗೆ ಟೆಂಟಿನ ಹುಚ್ಚು. ಊರ ಹೊರಗಿನ ಕೋವಳಂ ಆಚೆ ನರಪಿಳ್ಳೆ ಇಲ್ಲದ ತೀರವಿದೆ, ಶನಿವಾರ ರಾತ್ರಿ ಮಲಗಿ ಬರೋಣ ಎಂದು ಅವನು ತಲೆ ತಿನ್ನುತ್ತಿದ್ದ. ದೊಡ್ಡಪ್ಪನಿಗೆ ಗಾಳಿಯೂ ಆಯಿತು, ಮುರಳಿಯ ಬಾಯಿಯೂ ಮುಚ್ಚಿತು ಎಂದು ಒಪ್ಪಿದೆ. ಹೊರಡುವಾಗ ದೊಡ್ಡವ್ವ ರೊಟ್ಟಿಯ ಗಂಟು ನನ್ನ ಕೈಗಿಟ್ಟು, "ಸಕ್ಕರಿ ಬ್ಯಾನಿ ಮನಷ್ಯಾ. ಹೊತ್ತಿಗೆ ಸರಿಯಾಗಿ ಗುಳಗಿ, ನೀರು ಕೊಡು. ಹೆಂಗ ಕರ್ಕೊಂಡು ಹೊಂಟೀಯೋ ಹಂಗ ತಂದು ಬಿಡು," ಅಂದಳು.

ಹೊರಗೆ ಮಲಗುವುದರಲ್ಲಿ ಸುಖವಿದೆ ಅನ್ನುವವರನ್ನು ನಾನು ನಂಬುವುದಿಲ್ಲ. ಉಸುಕು ಕಿವಿಯೊಳಗೆ, ಉಸುಕು ಚಟ್ನಿಯೊಳಗೆ. ಕತ್ತಲಾಗುತ್ತಲೇ ಬಿಳಿ ಏಡಿಗಳು ಬಿಲಬಿಲನೆ ಎದ್ದವು. ಒಂದಂತೂ ನಮ್ಮ ಖಡಕ್ ರೊಟ್ಟಿಯ ಚೂರನ್ನು ಎಳೆದುಕೊಂಡು ಹೋಗಿ, ಬಿಲದ ಬಾಯಿ ಸಾಲದೆ ಹೊರಗೇ ಒದ್ದಾಡುತ್ತಿತ್ತು. ದೊಡ್ಡಪ್ಪ ಎದ್ದು ಹೋಗಿ ಆ ಚೂರನ್ನು ಎರಡು ಮಾಡಿ ಕೊಟ್ಟು ಬಂದ. ಕೆಮ್ಮು ಆಗಲೇ ಅರ್ಧ ಇಳಿದಿತ್ತು.

ನನಗೆ ಜೊಂಪು ಹತ್ತಿತ್ತು. ಮುರಳಿ ಭುಜ ಅಲುಗಿಸಿ, ಬಾಯಿಗೆ ಬೆರಳಿಟ್ಟು ತೋರಿಸಿದ. ನೀರಿನಿಂದ ಏನೋ ಮೇಲೆ ಬರುತ್ತಿತ್ತು. ಆಮೆ! ಅಡುಗೆಮನೆಯ ದೊಡ್ಡ ಪರಾತದಷ್ಟು ಅಗಲ. ನಾಲ್ಕು ಹೆಜ್ಜೆ ಎಳೆಯುವುದು, ನಿಲ್ಲುವುದು, ಉಸ್ಸಪ್ಪಾ ಎಂದು ನಿಟ್ಟುಸಿರು ಬಿಡುವುದು. ಆ ನಿಟ್ಟುಸಿರು ಕೇಳಿ, ನನ್ನಷ್ಟು ದಣಿದ ಇನ್ನೊಂದು ಜೀವ ಈ ಊರಲ್ಲಿದೆಯಲ್ಲ ಎಂದು ಸಮಾಧಾನವಾಯಿತು. ಅದು ಹಿಂಗಾಲಿನಿಂದ ಗುಂಡಿ ತೋಡಿ ಮೊಟ್ಟೆ ಇಡತೊಡಗಿತು. ಕಣ್ಣಿಂದ ನೀರು ಸುರಿಯುತ್ತಿತ್ತು. ಮೊಟ್ಟೆಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ದೊಡ್ಡಪ್ಪ ಮೆಲ್ಲಗೆ ಅದರ ಹಿಂದೆ ಹೋಗಿ, ಮಂಡಿಯೂರಿ ಗುಂಡಿಯೊಳಗೆ ಬಗ್ಗಿದ. "ಹಡಿಯಾಕತ್ತಾಳೋ," ಅಂದ.

ಹಾಗೆ ಬಗ್ಗಿದಾಗಲೇ ಅವನ ಕೊರಳ ಶಿವದಾರ ಹರಿಯಿತು. ಬೆವರಿನಲ್ಲಿ, ಮೆಣಸಿನ ಧೂಳಿನಲ್ಲಿ ಸವೆದ ದಾರ. ಗಂಟು ಜಾರಿ ಮೊಟ್ಟೆಗಳ ನಡುವೆ ಬಿತ್ತು, ಅದರ ಮೇಲೆ ಇನ್ನಷ್ಟು ಮೊಟ್ಟೆ ಬಿದ್ದವು. ದೊಡ್ಡಪ್ಪ ಎದೆ ಮುಟ್ಟಿ ನೋಡಿಕೊಂಡ. ನಾನು ಗುಂಡಿಗೆ ಕೈ ಹಾಕಲು ಹೋದೆ. ಅವನು ನನ್ನ ಮಣಿಕಟ್ಟು ಹಿಡಿದ, ಬಿಡಲಿಲ್ಲ. "ಬಾಣಂತಿ ಅದಾಳ. ಮುಟ್ಟಬ್ಯಾಡ."

ಆಮೆ ಉಸುಕು ಮುಚ್ಚಿ, ಮೈಯಿಂದ ದಬದಬ ತಟ್ಟಿ ಗಟ್ಟಿ ಮಾಡಿ, ಹಿಂದಿರುಗಿ ನೋಡದೆ ನೀರಿಗಿಳಿಯಿತು.

"ಹೋತಲ್ಲ ದೊಡ್ಡಪ್ಪಾ, ಇನ್ನ ಅಗದು ತಗೊಳ್ಳೂಣು," ಅಂದೆ. ಮುರಳಿ ಬೇಡವೆಂದು ತಲೆಯಾಡಿಸಿದ. ಮೊಟ್ಟೆ ಬೇಕಾಬಿಟ್ಟಿ ಉರುಳಾಡಿದರೆ ಒಳಗಿನ ಮರಿಗಳು ಸಾಯುತ್ತವಂತೆ. ಬೆಳಗಿನ ಜಾವ ಆಮೆ ಕಾಯುವ ಕಾಲೇಜು ಹುಡುಗರು ಹೆಜ್ಜೆಗುರುತು ಹುಡುಕುತ್ತ ಈ ದಾರಿಯಲ್ಲೇ ಬರುತ್ತಾರೆ, ಅವರು ಹದವಾಗಿ ತೆಗೆದು ಬೇಲಿಯೊಳಗೆ ಹೂಳುತ್ತಾರೆ ಅಂದ.

"ಹಂಗಾರ ಕಾಯೂಣು," ಅಂದ ದೊಡ್ಡಪ್ಪ.

ಕಾಯುವುದೇನೋ ಸರಿ. ಆದರೆ ಲಿಂಗ ಎದೆಯ ಮೇಲಿಲ್ಲದೆ ದೊಡ್ಡಪ್ಪ ಹನಿ ನೀರು ಮುಟ್ಟುವವನಲ್ಲ. ನೀರಿಲ್ಲದೆ ಗುಳಿಗೆಯೂ ಇಲ್ಲ. ಗಂಟಲು ಒಣಗಿ ಕೆಮ್ಮು ಮತ್ತೆ ಕೆರಳಿತು. ಕೈ ಸಣ್ಣಗೆ ನಡುಗತೊಡಗಿತು. ಮುರಳಿ ನೀರಿನ ಬಾಟಲಿ ಹಿಡಿದು, "ಪೆರಿಯವರೇ, ಕೊಂಜಂ ತಣ್ಣಿ ಕುಡಿಂಗೋ," ಎಂದು ತಮಿಳಿನಲ್ಲಿ ಗೋಗರೆದ. ದೊಡ್ಡಪ್ಪ ಕೈ ಮುಗಿದ, ಅಷ್ಟೇ. ನನಗೆ ಭಯವಾಯಿತು, ಸಿಟ್ಟೂ ಬಂತು. "ಏನರ ಆತಂದ್ರ ದೊಡ್ಡವ್ವಗ ನಾ ಏನ್ ಹೇಳ್ಲಿ? ಒಂದಿಷ್ಟು ಮೊಟ್ಟಿ ಒಡದ್ರ ಲೋಕ ಮುಳಗತೈತೇನು?" ಎಂದು ಕೂಗಿದೆ.

ಅವನು ಗುಂಡಿಯ ಪಕ್ಕ ಪದ್ಮಾಸನ ಹಾಕಿಕೊಂಡು ಕೂತ. "ಆಕಿ ಅಷ್ಟು ತ್ರಾಸ ತಗೊಂಡು ಇಟ್ಟು ಹೋಗ್ಯಾಳ. ನಾ ಒಂದು ರಾತ್ರಿ ತ್ರಾಸ ತಗೊಳ್ಳಾಕ ಆಗೂದಿಲ್ಲೇನು?"

ನಾನು ನೀರು ಕುಡಿದೆ. ಗಟಗಟ ಸದ್ದಾಗದಂತೆ ಕುಡಿಯುವುದು ಎಷ್ಟು ಕಷ್ಟವೆಂದು ಅವತ್ತು ಗೊತ್ತಾಯಿತು. ವಾಸನೆ ಹಿಡಿದು ನಾಯಿಗಳು ಬಂದವು. ನಡುಗುವ ಕೈಯಲ್ಲೇ ಟೆಂಟಿನ ಕೋಲು ಹಿಡಿದು ದೊಡ್ಡಪ್ಪ ಅವನ್ನು ಗದರಿಸಿದ. ಅವು ಹೋಗುವುದು, ಬರುವುದು. ನಾನೂ ಮುರಳಿಯೂ ಸರದಿಯಲ್ಲಿ ತೂಕಡಿಸಿದೆವು, ಅವನು ಕಣ್ಣು ಮುಚ್ಚಲಿಲ್ಲ.

ನಸುಕಿನಲ್ಲಿ ಟಾರ್ಚುಗಳು ಕಂಡವು. ಮುರಳಿ ಓಡಿಹೋಗಿ ವಿಷಯ ಹೇಳಿದ. ಗುಂಪಿನಲ್ಲಿದ್ದ ಹುಡುಗಿಯೊಬ್ಬಳು ಬೋರಲು ಮಲಗಿ, ತೋಳುದ್ದ ಕೈ ಇಳಿಸಿ ಒಂದೊಂದೇ ಮೊಟ್ಟೆ ತೆಗೆದು ಚೀಲದಲ್ಲಿಟ್ಟಳು. ನಡುವೆ ಆ ಗಂಟು ಸಿಕ್ಕಿತು. ತುಂಬ ಲೋಳೆ, ಮೀನಿನ ನಾತ. ಅವಳು ಎರಡೂ ಕೈಯಲ್ಲಿಟ್ಟು ಕೊಟ್ಟಳು. ದೊಡ್ಡಪ್ಪ ಕಣ್ಣಿಗೊತ್ತಿಕೊಂಡ. ಎದ್ದು ನಿಲ್ಲಲು ಶಕ್ತಿಯಿರಲಿಲ್ಲ. ನಾನು ರಟ್ಟೆ ಹಿಡಿದು ಸಮುದ್ರದವರೆಗೆ ನಡೆಸಿದೆ. ಲಿಂಗ ತೊಳೆದು, ಎಡ ಅಂಗೈಯಲ್ಲಿಟ್ಟುಕೊಂಡು ಅಲ್ಲೇ ಪೂಜೆ ಮಾಡಿದ. ಆಮೇಲೆ ಬಾಟಲಿಗೆ ಕೈ ಚಾಚಿದ. ಅವನು ನೀರು ಕುಡಿಯುವುದನ್ನು ನೋಡುತ್ತ ನಾನು ಅತ್ತುಬಿಟ್ಟೆ, ದಣಿವಿಗೋ ಏನೋ.

ಮನೆಯಲ್ಲಿ ದೊಡ್ಡವ್ವ ಎದೆ ಬಡಿದುಕೊಂಡಳು. ಮೊಟ್ಟೆಯ ಲೋಳೆ ಮೆತ್ತಿದ ಲಿಂಗ! ಸ್ವಾಮಿಗಳನ್ನು ಕೇಳಬೇಕು, ಬೇರೆ ಕಟ್ಟಿಸಿಕೊಳ್ಳಬೇಕು. ದೊಡ್ಡಪ್ಪ ಹೊಸ ದಾರ ಪೋಣಿಸುತ್ತ, "ಲಿಂಗ ಕಟ್ಟಿದವರಿಗೆ ಹೆರಿಗಿ ಸೂತಕ ಇಲ್ಲ. ಇನ್ನ ಲಿಂಗಕ್ಕ ಎಲ್ಲೀದು?" ಅಂದ.

ಅದಾಗಿ ಕೆಲವು ವರ್ಷಕ್ಕೆ ಅವನು ಹೋದ. ನಮ್ಮ ಪದ್ಧತಿಯಂತೆ ಕೂರಿಸಿ, ಅದೇ ಲಿಂಗವನ್ನು ಅವನ ಎಡಗೈಯಲ್ಲಿಟ್ಟು ಮಣ್ಣು ಕೊಟ್ಟೆವು. ನಾನು ಹಿಡಿಮಣ್ಣು ಹಾಕುವಾಗ ಆ ತೀರದ ಗುಂಡಿ ಕಣ್ಣಿಗೆ ಕಟ್ಟಿ, ಕೈ ತಡೆಯಿತು. ಈ ಸಲ ಬೆಳಗಿನ ಜಾವ ಬಂದು ತೆಗೆಯುವವರು ಯಾರೂ ಇರಲಿಲ್ಲ.

"ಎಲ್ಲಿದ್ದೀರಿ? ಕಾಫಿ ಆರತೈತಿ," ಅಂದಳು ಹೆಂಡತಿ.

"ಮನಿಯಾಗ ಶಿವದಾರ ಐತೇನು?"

"ಇಲ್ಲ. ಅಂಗಡಿ ತೆರಿಯಾಕ ಇನ್ನೂ ಭಾಳ ಹೊತ್ತೈತಿ. ಕುಡದು ಹೋಗ್ರಿ."

ಗಂಟಲು ಒಣಗಿತ್ತು, ಬೆನ್ನು ನೋಯುತ್ತಿತ್ತು. ಗಂಟನ್ನು ಮುಷ್ಟಿಯಲ್ಲಿ ಹಿಡಿದು ಲೋಟವನ್ನು ಆಚೆ ಸರಿಸಿದೆ.

"ಇರಲಿ," ಅಂದೆ. "ಕಾಯ್ತೀನಿ."